707 ಎಚ್‌ಪಿ ಚಾಲೆಂಜರ್ ಹಳೇ ಮಸ್ಟ್ಯಾಂಗ್ ಹಿಂದೆ ಯಾಕೆ ಉಳಿಯಿತು?

ನೋವೈ ಹೊಸಬ:

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ಇದ್ದೇನೆ. ಈಚೆಗೆ 2016ರ ಮಸ್ಟ್ಯಾಂಗ್ ಜಿಟಿ ಸೆಕೆಂಡ್ ಹ್ಯಾಂಡ್ ತಗೊಂಡೆ. 6 ಗೇರಿನ ಮ್ಯಾನ್ಯುವಲ್, 435 ಎಚ್‌ಪಿ. ಇನ್ನೂ ಏನೂ ಬದಲಾಯಿಸಿಲ್ಲ.

ಕಳೆದ ಶನಿವಾರ ರಾತ್ರಿ ವುಡ್‌ವರ್ಡ್ ಅವೆನ್ಯೂನಲ್ಲಿ ಊಟ ಮುಗಿಸಿ ಫುಟ್‌ಪಾತ್ ಮೇಲೆ ನಿಂತಿದ್ದೆ. ಸಿಗ್ನಲ್‌ನಲ್ಲಿ ಒಂದು ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್, ಅದರ ಪಕ್ಕ 90ರ ಸುಮಾರಿನ ಚೌಕಾಕಾರದ ಮಸ್ಟ್ಯಾಂಗ್. ಹಸಿರು ಬಿದ್ದ ಕೂಡಲೇ ಹೆಲ್‌ಕ್ಯಾಟ್ ಬರೀ ಹೊಗೆ ಎಬ್ಬಿಸಿ ಹಿಂದೆ ಅಡ್ಡಾದಿಡ್ಡಿ ಆಡಿತು. ಹಳೇ ಗಾಡಿ ಆಗಲೇ ಮುಂದಿನ ಸಿಗ್ನಲ್ ಹತ್ತಿರ ಇತ್ತು. ಒಂದಕ್ಕೆ 707 ಎಚ್‌ಪಿ. ಇನ್ನೊಂದಕ್ಕೆ ಕಂಪನಿ ಕೊಟ್ಟಿದ್ದು 225. ಇದು ಹೇಗೆ ಸಾಧ್ಯ?

ಎರಡನೇ ಪ್ರಶ್ನೆ. ನನ್ನ ಹತ್ತಿರ ಸುಮಾರು 1500 ಡಾಲರ್ ಇದೆ. ಒಂದು ಅಂಗಡಿಯವರು ಕೋಲ್ಡ್ ಏರ್ ಇನ್‌ಟೇಕ್ (ಇಂಜಿನ್‌ಗೆ ತಣ್ಣನೆ ಗಾಳಿ ಕೊಡೋ ಕೊಳವೆ), ಎಕ್ಸಾಸ್ಟ್, ಟ್ಯೂನ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಹಾಕಿಸಿ ಅಂತಾರೆ. ಮೊದಲು ಯಾವುದು ಮಾಡಿಸಲಿ? ಸ್ನೇಹಿತರು ಮುಂದಿನ ಶನಿವಾರ ನೀನೂ ಬಾ, ಒಂದು ಕೈ ನೋಡೋಣ ಅಂತಿದ್ದಾರೆ.

---

ಹಿಂದಿನ ಚಕ್ರ:

ಬನ್ನಿ ತಮ್ಮಾ, ಒಳ್ಳೆಯ ಕಾರು ತಗೊಂಡಿದ್ದೀರಿ. ನಾನು ಅಬರ್ನ್ ಹಿಲ್ಸ್‌ನಲ್ಲಿ ಆಕ್ಸಲ್, ಡಿಫರೆನ್ಷಿಯಲ್ ಕೆಲಸದಲ್ಲಿ ಇದ್ದೇನೆ. ನೀವು ಕೇಳಿದ್ದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ನೋಡಿದ ಹಳೇ ಗಾಡಿಯನ್ನು ಇಲ್ಲಿ ಫಾಕ್ಸ್ ಬಾಡಿ ಅಂತಾರೆ. 1987ರಿಂದ 92ರವರೆಗಿನ 5.0 ಲೀಟರ್ ಇಂಜಿನ್‌ಗೆ 225 ಎಚ್‌ಪಿ ಇತ್ತು, ಅದು ಸರಿ. ಆದರೆ ಶನಿವಾರ ರಾತ್ರಿ ವುಡ್‌ವರ್ಡ್‌ಗೆ ಬರೋ ಫಾಕ್ಸ್ ಬಾಡಿಯಲ್ಲಿ ಆ 225 ಉಳಿದಿರುವುದು ಅಪರೂಪ. ಅಲ್ಯೂಮಿನಿಯಂ ಹೆಡ್, ಬೇರೆ ಕ್ಯಾಮ್, ಒಂದು ಟರ್ಬೋ ಬಿದ್ದರೆ 500 ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ಆ ಇಂಜಿನ್ನಿನ ಬ್ಲಾಕ್ ನಡುವೆ ಸೀಳಿ ಹೋಗುವ ಭಯ ಇದೆ. ಹಾಗಾಗಿ 500 ಅಂತಲೇ ಇಟ್ಟುಕೊಳ್ಳೋಣ.

ಈಗ ತೂಕ ನೋಡಿ. ಹೆಲ್‌ಕ್ಯಾಟ್ ಸುಮಾರು 4450 ಪೌಂಡ್. ಫಾಕ್ಸ್ ಬಾಡಿ 3100ರ ಆಸುಪಾಸು. ಭಾಗಿಸಿದರೆ ಹೆಲ್‌ಕ್ಯಾಟ್‌ನ ಒಂದೊಂದು ಎಚ್‌ಪಿ 6.3 ಪೌಂಡ್ ಎಳೆಯಬೇಕು, ಹಳೆಯದರದ್ದು 6.2. ಎರಡೂ ಒಂದೇ! ಹೆಚ್ಚಿಗೆ ಇರುವ 207 ಎಚ್‌ಪಿ ಹೆಚ್ಚಿಗೆ ಇರುವ ಕಬ್ಬಿಣವನ್ನು ಎಳೆಯುವುದಕ್ಕೇ ಸರಿಹೋಯಿತು.

ಉಳಿದದ್ದು ಟೈರು. ನನಗೆ ಹೇಳಬೇಕಾಗಿರುವುದೂ ಇದೇ. ರಸ್ತೆಯಲ್ಲಿ ಇಂಜಿನ್ ಎಷ್ಟು ಕೊಡುತ್ತದೆ ಅನ್ನೋದಕ್ಕಿಂತ ಟೈರು ಎಷ್ಟು ತೆಗೆದುಕೊಳ್ಳುತ್ತದೆ ಅನ್ನೋದು ಮುಖ್ಯ.

ಒಂದು ಅಂದಾಜು ಲೆಕ್ಕ ಹಾಕೋಣ. ರಾತ್ರಿ ತಣ್ಣಗಾದ ರಸ್ತೆ, ಮೇಲೆ ದೂಳು, ಸಿಗ್ನಲ್ ಹತ್ತಿರ ಎಣ್ಣೆ ಹನಿ, ಬಿಳಿ ಪೇಂಟ್. ಮಾಮೂಲಿ ಟೈರಿನ ಹಿಡಿತ 1 ಅಂತ ಇಟ್ಟುಕೊಳ್ಳಿ, ಅಂದರೆ ಟೈರಿನ ಮೇಲೆ ಎಷ್ಟು ತೂಕ ಬೀಳುತ್ತದೋ ಅಷ್ಟೇ ಬಲದಿಂದ ಅದು ಗಾಡಿಯನ್ನು ತಳ್ಳಬಲ್ಲದು. ಹೆಲ್‌ಕ್ಯಾಟ್‌ನ ತೂಕದಲ್ಲಿ ಹಿಂದಿನ ಚಕ್ರಗಳ ಮೇಲೆ ಕೂರುವುದು ಹೆಚ್ಚು ಕಡಿಮೆ ಶೇ 43 ಭಾಗ. ಹೊರಡುವಾಗ ತೂಕ ಹಿಂದಕ್ಕೆ ವಾಲುವುದನ್ನೂ ಸೇರಿಸಿದರೆ ಆ ಗಾಡಿಗೆ ಸಿಗುವ ವೇಗವರ್ಧನೆ 0.54 ಜಿ (1 ಜಿ ಅಂದರೆ ಕೈಬಿಟ್ಟ ವಸ್ತು ಕೆಳಗೆ ಬೀಳುವ ವೇಗವರ್ಧನೆ). ಈ ಮಿತಿಯಲ್ಲಿ, 40 ಮೈಲಿ ವೇಗದಲ್ಲಿ ಆ ಟೈರುಗಳು ರಸ್ತೆಗೆ ಇಳಿಸಬಲ್ಲ ಶಕ್ತಿ ಸುಮಾರು 256 ಎಚ್‌ಪಿ. ಅಷ್ಟೇ. ಮಿಕ್ಕಿದ್ದೆಲ್ಲ ಹೊಗೆ. ಪೂರ್ತಿ ಶಕ್ತಿ ಉಪಯೋಗಕ್ಕೆ ಬರೋದು 90 ಮೈಲಿ ದಾಟಿದ ಮೇಲೆ. ಊರಿನ ನಡುವಿನ ರಸ್ತೆಯಲ್ಲಿ ಆ ವೇಗ ಯಾರೂ ಮುಟ್ಟಬಾರದು.

ಅದೇ ಕಾರಿಗೆ 1.4 ಹಿಡಿತ ಇರುವ ಡ್ರ್ಯಾಗ್ ರೇಡಿಯಲ್ ಹಾಕಿ, ಅಂದರೆ ನೇರ ಓಟದ ರೇಸಿಗೆಂದೇ ಮಾಡಿದ ಮೆತ್ತನೆ ರಬ್ಬರಿನ ಟೈರು. ಈಗ 0.84 ಜಿ ಬರುತ್ತದೆ. ಹಿಡಿತ ಏರಿದ್ದು ಶೇ 40, ವೇಗವರ್ಧನೆ ಏರಿದ್ದು ಶೇ 55. ಯಾಕೆ ಅಂದರೆ ಹಿಡಿತ ಜಾಸ್ತಿ ಆದಷ್ಟೂ ಮೂತಿ ಎದ್ದು ಹಿಂದಕ್ಕೆ ತೂಕ ಬೀಳುತ್ತದೆ, ಆ ತೂಕ ಮತ್ತೆ ಹಿಡಿತ ಕೊಡುತ್ತದೆ. ಮದ್ದೂರಿನ ಕಡೆ ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರ್ ಮುಂದಿನ ಚಕ್ರ ಎತ್ತುತ್ತದಲ್ಲ, ಅದೇ ಇದು.

ನನ್ನ ಲೆಕ್ಕ ಬಿಡಿ, ಡಾಡ್ಜ್‌ನವರು 2015ರ ಮಾಡೆಲ್‌ಗೆ ತಾವೇ ಹೇಳಿದ ಅಂಕಿ ನೋಡಿ. ಹೆಲ್‌ಕ್ಯಾಟ್ ಚಾಲೆಂಜರ್ ಕಾಲು ಮೈಲಿಗೆ ಕಂಪನಿ ಟೈರಿನಲ್ಲಿ 11.2 ಸೆಕೆಂಡ್, ಡ್ರ್ಯಾಗ್ ರೇಡಿಯಲ್‌ನಲ್ಲಿ 10.8. ಇಂಜಿನ್ ಅದೇ. ಅದೂ ಅಂಟು ಸಿಂಪಡಿಸಿ ರಬ್ಬರ್ ಕೂರಿಸಿದ ಟ್ರ್ಯಾಕ್ ಮೇಲೆ. ಬೀದಿಯಲ್ಲಿ ಅಂತರ ಇನ್ನೂ ಜಾಸ್ತಿ. ಮುಂದೆ ಇದೇ ಚಾಲೆಂಜರ್‌ನ ಇನ್ನೂ ಜೋರಾದ ಮಾಡೆಲ್, 2018ರ ಡೀಮನ್ ಮಾಡುವಾಗ ಅವರು 840 ಎಚ್‌ಪಿ ಕೊಟ್ಟು ಸುಮ್ಮನಾಗಲಿಲ್ಲ. 315 ಮಿಲಿಮೀಟರ್ ಅಗಲದ ಡ್ರ್ಯಾಗ್ ರೇಡಿಯಲ್ ಹಾಕಿದರು. 200 ಪೌಂಡ್‌ಗೂ ಜಾಸ್ತಿ ತೂಕ ಇಳಿಸಿದರು, ಪಕ್ಕದ ಸೀಟು, ಹಿಂದಿನ ಸೀಟು ಸಹಿತ. ತೂಕ ಹಿಂದಕ್ಕೆ ಸುಲಭವಾಗಿ ವಾಲಲಿ ಅಂತ ಸಸ್ಪೆನ್ಷನ್ ಮೆತ್ತಗೆ ಮಾಡಿದರು. ಹಾಗಾಗಿಯೇ ಕಾಲು ಮೈಲಿಗೆ 9.65 ಸೆಕೆಂಡ್ ಬಂತು.

ನಿಮ್ಮ ಬೇಸ್ ಜಿಟಿಗೆ ಕಂಪನಿಯಿಂದ ಬರೋ ಟೈರು 235 ಮಿಲಿಮೀಟರ್ ಅಗಲ. 435 ಎಚ್‌ಪಿಗೇ ಅದು ಸಾಕಾಗಲ್ಲ. ಅದರ ಮೇಲೆ ಟ್ಯೂನ್ ಹಾಕಿಸಿ ಇನ್ನೊಂದಿಷ್ಟು ತಂದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಎಕ್ಸಾಸ್ಟ್ ಹಾಕಿಸಿದರೆ ಸದ್ದು ಚೆನ್ನಾಗಿರುತ್ತದೆ, ನನಗೂ ವಿ8 ಸದ್ದು ಪ್ರಾಣ. ಆದರೆ ಟೈಮ್‌ಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ.

ಶನಿವಾರದ ವಿಷಯ. ದಯವಿಟ್ಟು ಹೋಗಬೇಡಿ. ಮೇಲಿನ ಲೆಕ್ಕವನ್ನೇ ಇನ್ನೊಂದು ಸಲ ಓದಿ. 40 ಮೈಲಿಯಲ್ಲಿ ಹಿಂದಿನ ಚಕ್ರ ಜಾರುತ್ತಿದೆ ಅಂದರೆ ಆ ಕಾರಿಗೆ ಪಕ್ಕಕ್ಕೆ ಹಿಡಿಯುವ ಶಕ್ತಿಯೂ ಉಳಿದಿಲ್ಲ ಅಂತ ಅರ್ಥ. ರಸ್ತೆ ನಡುವೆ ಉಬ್ಬು ಇರುತ್ತದೆ, ಗಾಡಿ ಇಳಿಜಾರಿನ ಕಡೆಗೇ ಬಾಲ ತಿರುಗಿಸುತ್ತದೆ. ಆ ಕಡೆ ಇರೋದು ಫುಟ್‌ಪಾತ್. ನೀವು ಊಟ ಮುಗಿಸಿ ನಿಂತಿದ್ದ ಜಾಗ ಅದೇ ಅಲ್ವಾ?

---

ಟ್ರಾಯ್ ಕಮಾರೋ:

ಅಣ್ಣ ಹೇಳಿದ್ದು ಪೂರ್ತಿ ನಿಜ. ನಾನು ಎಲ್‌ಎಸ್3 ಇಂಜಿನ್ ಇರೋ ಕಮಾರೋ ಎಸ್‌ಎಸ್ ಓಡಿಸುತ್ತೇನೆ, ಆನ್ ಆರ್ಬರ್ ದಕ್ಷಿಣಕ್ಕಿರುವ ಮಿಲಾನ್ ಡ್ರ್ಯಾಗ್‌ವೇಯಲ್ಲಿ. ಕೆಲವು ವಿಷಯ ಸೇರಿಸುತ್ತೇನೆ.

ಬೀದಿಯಲ್ಲಿ ಗೆದ್ದರೂ ಸೋತರೂ ಕಾರಿನ ಬಗ್ಗೆ ಏನೂ ಗೊತ್ತಾಗಲ್ಲ. ಯಾರು ಮೊದಲು ಬಿಟ್ಟರು, ನಿಂತಲ್ಲಿಂದಲೋ 40ರಿಂದ ರೋಲಿಂಗೋ, ಎಲ್ಲಿಗೆ ಮುಗಿಯಿತು, ಯಾವುದಕ್ಕೂ ಲೆಕ್ಕ ಇಲ್ಲ. ಟ್ರ್ಯಾಕ್‌ನಲ್ಲಿ ಟೈರು ಹೊರಡುವ ಗೆರೆಯಲ್ಲಿರುವ ಬೆಳಕಿನ ಬೀಮ್ ಬಿಟ್ಟ ಮೇಲೆಯೇ ಗಡಿಯಾರ ಶುರು. ನೀವು ದೀಪಕ್ಕೆ ತಡವಾಗಿ ಹೊರಟರೂ ಕಾರಿನ ಟೈಮ್ ಕೆಡಲ್ಲ. ಕೈಗೆ ಒಂದು ಸ್ಲಿಪ್ ಕೊಡುತ್ತಾರೆ. ಅದನ್ನು ಓದೋದು ಕಲಿತರೆ ಸಾಕು, ಯಾವ ಅಂಗಡಿಯವರೂ ನಿಮಗೆ ಟೋಪಿ ಹಾಕೋಕೆ ಆಗಲ್ಲ.

ಸ್ಲಿಪ್‌ನಲ್ಲಿ ಎರಡು ಸಾಲು ಮುಖ್ಯ. ಒಂದು ಮೊದಲ 60 ಅಡಿಗೆ ಹಿಡಿದ ಸಮಯ, ಇನ್ನೊಂದು ಕೊನೆಯ ವೇಗ, ಟ್ರ್ಯಾಪ್ ಸ್ಪೀಡ್ ಅಂತಾರೆ. ಟ್ರ್ಯಾಪ್ ಸ್ಪೀಡ್ ಇಂಜಿನ್ನಿನ ಮಾತು. 60 ಅಡಿ ಟೈರಿನ, ಕ್ಲಚ್ಚಿನ, ನಿಮ್ಮ ಕಾಲಿನ ಮಾತು. ನಿಮ್ಮ ಜಿಟಿ 112 ಮೈಲಿಯಲ್ಲಿ ಗೆರೆ ದಾಟಿ ಟೈಮ್ ಮಾತ್ರ 13.3 ಬಂದರೆ ಇಂಜಿನ್‌ಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. 60 ಅಡಿಯಲ್ಲಿ 0.1 ಉಳಿಸಿದರೆ ಕಾಲು ಮೈಲಿ ಕೊನೆಗೆ 0.15ರಿಂದ 0.2 ಉಳಿಯುತ್ತದೆ. ಡಾಲರ್‌ಗೆ ಇಷ್ಟು ಸೆಕೆಂಡ್ ಅಂತ ಲೆಕ್ಕ ಹಾಕಿದರೆ ಇದರಷ್ಟು ಅಗ್ಗದ್ದು ಬೇರೆ ಇಲ್ಲ.

ನಿಮ್ಮ ಗಾಡಿಯಲ್ಲಿ ಇನ್ನೊಂದು ತೊಂದರೆ ಬರುತ್ತದೆ, ವ್ಹೀಲ್ ಹಾಪ್. 2015ರಿಂದ ಮಸ್ಟ್ಯಾಂಗ್‌ಗೆ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ತಿರುವಿನಲ್ಲಿ ಸೊಗಸು. ಜೋರಾಗಿ ಹೊರಟರೆ ಮಾತ್ರ ಸಬ್‌ಫ್ರೇಮಿನ (ಹಿಂದಿನ ಸಸ್ಪೆನ್ಷನ್ ಹೊತ್ತಿರುವ ಚೌಕಟ್ಟು) ರಬ್ಬರ್ ಬುಶ್ ತಿರುಚಿ ಬಿಡುತ್ತದೆ, ಚಕ್ರ ಕುಣಿಯೋಕೆ ಶುರುವಾಗುತ್ತದೆ. ಕುಣಿದಾಗ ಕಾಲು ತೆಗೆಯಿರಿ, ತೆಗೆಯದಿದ್ದರೆ ಆಕ್ಸಲ್ ಮುರಿಯುತ್ತದೆ. ಸಬ್‌ಫ್ರೇಮ್ ಅಲ್ಲಾಡದಂತೆ ಹಿಡಿಯುವ ಕಿಟ್ ಸಿಗುತ್ತದೆ. ಮೊದಲು ಟೈರು, ಆಮೇಲೆ ಈ ಕಿಟ್. 1500 ಡಾಲರ್‌ಗೆ ಇಷ್ಟೇ ನನ್ನ ಸಲಹೆ.

---

ಕ್ಯಾಂಟನ್ ವಾಸಿ:

ಕಾರಿನ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಒಂದೇ ಮಾತು. ಮಿಚಿಗನ್‌ನಲ್ಲಿ ರಸ್ತೆ ರೇಸ್ ಅಂದರೆ ಮಾಮೂಲಿ ಸ್ಪೀಡಿಂಗ್ ಟಿಕೆಟ್ ಅಲ್ಲ, ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸು. ನೀವು ವೀಸಾದಲ್ಲಿ ಇದ್ದರೆ ಮುಂದಿನ ಸಲ ಸ್ಟಾಂಪಿಂಗ್‌ಗೆ ಡಿಎಸ್-160 ಅನ್ನೋ ವೀಸಾ ಅರ್ಜಿ ತುಂಬುವಾಗ ನಿಮ್ಮನ್ನು ಎಂದಾದರೂ ಬಂಧಿಸಿದ್ದಾರಾ ಅಂತ ಕೇಳುತ್ತಾರೆ. ಊರಿಗೆ ಹೋದವರು ವಾಪಸ್ ಬರೋದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಯೋಚನೆ ಮಾಡಿ.

---

ನೋವೈ ಹೊಸಬ:

ತುಂಬಾ ಥ್ಯಾಂಕ್ಸ್. ಫುಟ್‌ಪಾತ್ ಮಾತು ಮನಸ್ಸಿಗೆ ನಾಟಿತು. ಶನಿವಾರ ಹೋಗಲ್ಲ. ಅಣ್ಣಾ, ಇನ್ನೊಂದು ಪ್ರಶ್ನೆ. ವುಡ್‌ವರ್ಡ್ ಅಂದರೆ ಎಲ್ಲರೂ ಯಾಕೆ ಇಷ್ಟು ದೊಡ್ಡದಾಗಿ ಹೇಳುತ್ತಾರೆ? ಮತ್ತೆ ಟ್ರಾಯ್ ಅಕ್ಕ, ಡ್ರ್ಯಾಗ್ ರೇಡಿಯಲ್ ಹಾಕಿಕೊಂಡು ದಿನಾ ಆಫೀಸಿಗೆ ಹೋಗಬಹುದಾ?

---

ಹಿಂದಿನ ಚಕ್ರ:

ಈ ನಿರ್ಧಾರ ಕೇಳಿ ನಿಜವಾಗಿಯೂ ಖುಷಿಯಾಯಿತು.

ವುಡ್‌ವರ್ಡ್ ಕಥೆ ದೊಡ್ಡದು. 60ರ ದಶಕದಲ್ಲಿ ಈ ಕಾರುಗಳನ್ನು ಮಾಡುವ ಇಂಜಿನಿಯರ್‌ಗಳೇ ರಾತ್ರಿ ಇಲ್ಲಿಗೆ ತರುತ್ತಿದ್ದರು. 1964ರ ಪಾಂಟಿಯಾಕ್ ಜಿಟಿಒ ಹುಟ್ಟಿದ್ದೂ ಇದೇ ಗಾಳಿಯಲ್ಲಿ. ಪಾಂಟಿಯಾಕ್‌ನ ಮಾಲೀಕ ಕಂಪನಿ ಜಿಎಂ ಒಳಗೆ ಆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಇಂಜಿನ್ ಕೂಡದು ಅನ್ನೋ ನಿಯಮ ಇತ್ತು. ಪಾಂಟಿಯಾಕ್‌ನವರು ಆಪ್ಷನ್ ಅಂತ ಹೆಸರಿಟ್ಟು 389 ಕ್ಯೂಬಿಕ್ ಇಂಚಿನ ವಿ8 ಕೂರಿಸಿಬಿಟ್ಟರು. ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಅನ್ನೋ ಡೀಲರ್ ಅದನ್ನು ಇನ್ನೂ ಟ್ಯೂನ್ ಮಾಡಿ ಬಾಬ್‌ಕ್ಯಾಟ್ ಅಂತ ಮಾರುತ್ತಿದ್ದ. ತೆಳ್ಳಗಿನ ಹೆಡ್ ಗ್ಯಾಸ್ಕೆಟ್, ಕಾರ್ಬ್ಯುರೇಟರ್‌ಗೆ ದೊಡ್ಡ ಜೆಟ್, ಡಿಸ್ಟ್ರಿಬ್ಯೂಟರ್‌ನಲ್ಲಿ ಬದಲಾವಣೆ. ಇಷ್ಟರಲ್ಲೇ ಗಾಡಿಯ ಗುಣ ಬೇರೆ ಆಗುತ್ತಿತ್ತು.

ಆದರೆ ಆ ರಸ್ತೆಯ ಹೆಸರು ಹೇಳಿದರೆ ನೆನಪಾಗುವ ಗಾಡಿ ಸಿಲ್ವರ್ ಬುಲೆಟ್. 1967ರ ಪ್ಲಿಮತ್ ಜಿಟಿಎಕ್ಸ್, ಜಿಮ್ಮಿ ಅಡಿಸನ್ ಓಡಿಸುತ್ತಿದ್ದದ್ದು. ಅದರ 426 ಕ್ಯೂಬಿಕ್ ಇಂಚಿನ ಹೆಮಿ ಇಂಜಿನ್ನನ್ನು 487ಕ್ಕೆ ಹಿಗ್ಗಿಸಿದ್ದರು. ಅದರ ಜೊತೆಗೆ ಫೈಬರ್‌ಗ್ಲಾಸ್ ಭಾಗಗಳು, ತೂಕ ಇಳಿಸೋದಕ್ಕೆ. ಆಗಿನ ಕಾಲದಲ್ಲಿ ರಸ್ತೆ ಗಾಡಿಯೊಂದು ಕಾಲು ಮೈಲಿಯನ್ನು 10 ಸೆಕೆಂಡಿನ ಲೆಕ್ಕದಲ್ಲಿ ಓಡುತ್ತಿತ್ತು ಅಂದರೆ ಊಹಿಸಿ. ನೋಡಿ, ಅವರೂ ಬರೀ ಇಂಜಿನ್ ನಂಬಲಿಲ್ಲ.

ಆ ದಿನಗಳನ್ನು ನಾನು ಗೌರವಿಸುತ್ತೇನೆ. ಆದರೆ ಆಗ ವುಡ್‌ವರ್ಡ್‌ನಲ್ಲಿ ಪಕ್ಕದಲ್ಲಿ ಬರುತ್ತಿದ್ದ ಕುಟುಂಬಗಳನ್ನು ಯಾರೂ ಕೇಳಿ ರೇಸ್ ಮಾಡಲಿಲ್ಲ. ಅದನ್ನು ಈಗ ಮತ್ತೆ ಮಾಡಬೇಕಾಗಿಲ್ಲ. ನಿಮಗೆ ವುಡ್‌ವರ್ಡ್ ಬೇಕೇ ಬೇಕು ಅಂದರೆ ಆಗಸ್ಟ್‌ನಲ್ಲಿ ಡ್ರೀಮ್ ಕ್ರೂಸ್‌ಗೆ ಬನ್ನಿ. 1995ರಿಂದ ನಡೆಯುತ್ತಿದೆ, ನಿಧಾನಕ್ಕೆ ಓಡಿಸಿಕೊಂಡು ಗಾಡಿಗಳನ್ನು ಕಣ್ತುಂಬ ನೋಡಬಹುದು. 2016ರಲ್ಲಿ ಪಾಂಟಿಯಾಕ್ ಊರಿನ ಹತ್ತಿರ ಅದೇ ರಸ್ತೆಯನ್ನು ಮುಚ್ಚಿ, ಗೋಡೆ ಇಟ್ಟು, ಎಂಟನೇ ಒಂದು ಮೈಲಿಯ ರೇಸನ್ನು ಕಾನೂನುಬದ್ಧವಾಗಿ ಮಾಡಿದರು. ರೋಡ್‌ಕಿಲ್ ನೈಟ್ಸ್ ಅಂತ. ಬೀದಿಯಲ್ಲಿ ರೇಸ್ ಅಂದರೆ ನನ್ನ ಪ್ರಕಾರ ಹಾಗಿರಬೇಕು.

---

ಟ್ರಾಯ್ ಕಮಾರೋ:

ದಿನಾ ಹಾಕಿಕೊಂಡು ಓಡಾಡಬೇಡಿ. ಮೆತ್ತನೆ ರಬ್ಬರ್, ಬೇಗ ಸವೆಯುತ್ತದೆ. ಗೀರು ಕಡಿಮೆ ಇರೋದರಿಂದ ಮಳೆ ನೀರಿನಲ್ಲಿ ತೇಲಿಬಿಡುತ್ತದೆ. ಥರ್ಮಾಮೀಟರ್ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಗಟ್ಟಿಯಾಗಿ ಹಿಡಿತವೇ ಇರಲ್ಲ. ಹಳೆಯ 17 ಅಥವಾ 18 ಇಂಚಿನ ಎರಡು ರಿಮ್ ಹುಡುಕಿ, ಬ್ರೇಕ್ ಕ್ಯಾಲಿಪರ್‌ಗೆ ತಾಗಲ್ಲ ಅಂತ ನೋಡಿಕೊಂಡು, ಟೈರನ್ನು ಅದಕ್ಕೆ ಹಾಕಿಸಿ ಇಟ್ಟುಕೊಳ್ಳಿ. ಸೈಡ್‌ವಾಲ್ ಎತ್ತರ ಇದ್ದಷ್ಟೂ ಒಳ್ಳೆಯದು, ಹೊರಡುವಾಗ ಅದು ಮಡಚಿಕೊಂಡು ಪೆಟ್ಟನ್ನು ನುಂಗುತ್ತದೆ. ಟ್ರ್ಯಾಕ್‌ನಲ್ಲಿ ಗಾಳಿ 20 ಪಿಎಸ್‌ಐ ಹತ್ತಿರ ಇಳಿಸಿ ಶುರು ಮಾಡಿ, ಮನೆಗೆ ಹೊರಡೋ ಮುಂಚೆ ತುಂಬಿಸಿ.

ಇನ್ಶೂರೆನ್ಸ್ ಪಾಲಿಸಿ ಓದಿ. ರೇಸ್ ಟ್ರ್ಯಾಕ್‌ನಲ್ಲಿ ಆದ ಹಾನಿಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ಅದು ತಿಳಿದುಕೊಂಡೇ ಬನ್ನಿ.

ಮೊದಲ ಸಲ ಕಂಪನಿ ಟೈರಿನಲ್ಲೇ ಬನ್ನಿ, ನಿಮ್ಮ ಕಾರಿನ ನಿಜವಾದ ಟೈಮ್ ಗೊತ್ತಾಗಲಿ. ಆಮೇಲೆ ಟೈರು ತಗೊಳ್ಳಿ. ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಹೆಲ್ಮೆಟ್ ಕಡ್ಡಾಯ, ನಿಮ್ಮದು ಖಂಡಿತ ಓಡುತ್ತದೆ. ಸ್ನೆಲ್ ಅಥವಾ ಎಸ್‌ಎಫ್‌ಐ ಅನ್ನೋ ಸುರಕ್ಷತಾ ಮಾನದಂಡದ ಸ್ಟಿಕ್ಕರ್ ಇರೋದೇ ಆಗಬೇಕು. ಪೂರ್ತಿ ಉದ್ದದ ಪ್ಯಾಂಟ್, ಮುಚ್ಚಿದ ಶೂ. ಯಾವ ಸಂಜೆ ತೆರೆದಿರುತ್ತದೆ ಅಂತ ಅವರ ವೇಳಾಪಟ್ಟಿ ನೋಡಿ ಇಲ್ಲಿ ಹಾಕಿ, ನಾನೂ ಬರುತ್ತೇನೆ.