ಕೃಷಿ ಹೊಂಡದ ಸಹಾಯಧನ: ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ

ಚಳ್ಳಕೆರೆ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನಿದೆ. ಶೇಂಗಾ, ತೊಗರಿ ಹಾಕುತ್ತೇವೆ. ಕೊಳವೆಬಾವಿ ಬತ್ತಿದೆ. ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಮಳೆನೀರು ನಿಲ್ಲಿಸುವ ಹೊಂಡ ತೆಗೆಸಬೇಕೆಂದಿದ್ದೇನೆ. ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿಯೇ ಇದೆ. ಕೈಯಿಂದ ಎಷ್ಟು ಬೀಳುತ್ತದೆ, ಯಾವ ಅಳತೆ ಸಾಕು?

ಹಿರಿಯೂರಿನಿಂದ:
ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ಪಹಣಿ ನಿಮ್ಮ ಹೆಸರಿಗೆ ಬಂದ ಮೇಲೆ ಫ್ರೂಟ್ಸ್ (ರೈತರ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶ) ನೋಂದಣಿ ಮಾಡಿಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಿ. 2014ರಲ್ಲಿ ಆರಂಭವಾದ ಈ ಯೋಜನೆ ನಡುವೆ ನಿಂತು 2023-24ರಲ್ಲಿ ಮತ್ತೆ ಬಂದಿದೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನವಿದೆ. ಆದರೆ ಆ ಲೆಕ್ಕ ಇಲಾಖೆ ನಿಗದಿ ಮಾಡಿದ ದರದ ಮೇಲೆ, ನೀವು ಖರ್ಚು ಮಾಡಿದ್ದರ ಮೇಲಲ್ಲ. ಜೆಸಿಬಿ ಬಾಡಿಗೆ ಏರಿದರೆ ಹೆಚ್ಚುವರಿ ನಿಮ್ಮ ತಲೆಗೇ. ಕೆಲಸದ ಆದೇಶ ಕೈಗೆ ಬರುವ ಮೊದಲು ಗುದ್ದಲಿ ಹಾಕಲೇಬೇಡಿ. ಖಾಲಿ ಜಾಗದ ಫೋಟೊ ಇಲ್ಲದ ಹೊಂಡಕ್ಕೆ ಹಣ ಕೊಡಿ ಎಂದು ಯಾರನ್ನೂ ಕೇಳಲಾಗದು.

ಅಳತೆಯ ವಿಷಯದಲ್ಲಿ ಜಿಪುಣತನ ಬೇಡ. ಇಳಿಜಾರು ಬದಿ ಬಿಟ್ಟು ತೆಗೆದರೆ 12 ಮೀಟರ್ ಚೌಕ, 3 ಮೀಟರ್ ಆಳದ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. 21 ಮೀಟರ್ ಚೌಕವಾದರೆ ಹತ್ತು ಲಕ್ಷದ ಹತ್ತಿರ. ತುಂತುರು ನೀರಾವರಿಯಲ್ಲಿ ಒಂದು ಎಕರೆಗೆ ಒಂದು ಇಂಚು ಕೊಡಲು ಒಂದು ಲಕ್ಷ ಲೀಟರ್ ಬೇಕು. ಶೇಂಗಾ ಕಾಯಿ ಕಟ್ಟಲು ಮಣ್ಣಿಗೆ ಊಡು ಇಳಿಸುವ ಹೊತ್ತಿಗೆ ಮಳೆ ಕೈಕೊಟ್ಟರೆ ದೊಡ್ಡ ಹೊಂಡ ನಿಮ್ಮ ನಾಲ್ಕೂ ಎಕರೆಗೆ ಎರಡು ಸಲ ನೀರು ಕೊಡುತ್ತದೆ, ಸಣ್ಣದು ಒಂದು ಸಲಕ್ಕೂ ಸಾಲದು.

ಕುಷ್ಟಗಿಯಿಂದ:
ನಮ್ಮದು ಎರೆ ಭೂಮಿ, ಹೊಂಡದೊಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯಿಲ್ಲದೆಯೂ ನೀರು ನಿಲ್ಲುತ್ತದೆ. ನಿಮ್ಮ ಕೆಂಪು ಮಣ್ಣಿಗೆ ಹಾಳೆ ಬೇಕೇ ಬೇಕು. ಹಾಸುವ ಮುಂಚೆ ಕಲ್ಲು, ಬೇರು ಆರಿಸಿ ತೆಗೆಸಿ. ಹರಿದು ಬರುವ ನೀರು ನೇರವಾಗಿ ಹೊಂಡಕ್ಕೆ ಬೀಳದಂತೆ ಮುಂದೆ ಹೂಳು ನಿಲ್ಲುವ ಗುಂಡಿ ತೆಗೆಸಿ, ಪ್ರತಿ ಮುಂಗಾರಿಗೆ ಮುಂಚೆ ಅದರ ಹೂಳು ತೆಗೆಯಿರಿ.

ಶಿರಾದಿಂದ:
ಅಣ್ಣ, ಎಲ್ಲರೂ ನೀರಿನ ಮಾತಾಡಿದರು, ನಾನು ಬೇಲಿಯ ಮಾತು ಹೇಳುತ್ತೇನೆ. ನಮ್ಮ ಪಕ್ಕದ ಹೊಲದ ಹೊಂಡಕ್ಕೆ ಕುರಿಮರಿ ಬಿದ್ದಾಗ ಎತ್ತಲು ಇಳಿದವರು ಗಟ್ಟಿಮುಟ್ಟಾದ ಆಳು, ಈಜು ಬಲ್ಲವರು. ಪಾಚಿ ಹಿಡಿದ ಹಾಳೆಯ ಮೇಲೆ ಕಾಲಿಟ್ಟಲ್ಲೆಲ್ಲ ಜಾರಿ, ಮೇಲಿನಿಂದ ಸೀರೆ ಎಸೆದು ಎಳೆಯಬೇಕಾಯಿತು. ಇಂಥ ಹೊಂಡಗಳಲ್ಲಿ ಮಕ್ಕಳು ಸತ್ತ ಸುದ್ದಿ ನಮ್ಮ ರಾಜ್ಯದಲ್ಲಿ ಎಷ್ಟು ಸಲ ಬಂದಿಲ್ಲ! ತಂತಿ ಬೇಲಿಗೂ ಇದೇ ಯೋಜನೆಯಲ್ಲಿ ಸಹಾಯಧನವಿದೆ. ಬದು, ಹೊಂಡ, ಹಾಳೆ, ಪಂಪ್‌ಸೆಟ್, ತುಂತುರು ಘಟಕದ ಜೊತೆಗೇ ಅದನ್ನೂ ಪಡೆಯಿರಿ, ಆಮೇಲೆ ನೋಡೋಣ ಎನ್ನಬೇಡಿ. ಸಹಾಯಧನ ಖಾತೆಗೆ ಜಮೆಯಾಗುವವರೆಗೂ ಕಾಯಬೇಡಿ, ನೀರು ತುಂಬುವ ಮೊದಲೇ ಬೇಲಿ ನಿಲ್ಲಲಿ. ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕು ಬದಿಗೂ ಗೂಟಕ್ಕೆ ಕಟ್ಟಿ ನೀರೊಳಗೆ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬ್ ಒಂದನ್ನು ತೇಲಿಬಿಡಿ. ಬಿಸಿಲಿಗೆ ಹಗ್ಗ ಲಡ್ಡಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.