ಬೌಲಿಂಗ್ ಹಾಕೋ ಹುಡುಗನ ಸೊಂಟ ನೋವು ಎರಡು ತಿಂಗಳಾದ್ರೂ ಬಿಡ್ತಿಲ್ಲ, ಅನುಭವ ಇದ್ದೋರು ಹೇಳಿ

ಕೇಳಿದವರು: ಹಾಸನದ ಒಬ್ಬ ತಾಯಿ

ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಬಲಗೈ ಫಾಸ್ಟ್ ಬೌಲರ್. ಎರಡು ತಿಂಗಳಿಂದ ಸೊಂಟದ ಎಡಗಡೆ ನೋವು. ಆಡದೇ ಇದ್ದ ದಿನ ಕಡಿಮೆ ಇರುತ್ತೆ, ಬೌಲಿಂಗ್ ಹಾಕಿದ ದಿನ ಬಗ್ಗಿ ಶೂ ಬಿಚ್ಚೋಕೂ ಒದ್ದಾಡ್ತಾನೆ. ಎಕ್ಸ್‌ರೇ ತೆಗೆಸಿದ್ವಿ, ಮೂಳೆಗೆ ಏನೂ ಆಗಿಲ್ಲ ಅಂದ್ರು. ಉಳುಕು ತೆಗೆಯೋರ ಹತ್ರ ಎರಡು ಸಲ ಹೋಗಿ ಬಂದ್ವಿ. ಈಗ ನೋವಿನ ಮಾತ್ರೆ ನುಂಗಿ ಮ್ಯಾಚ್‌ಗೆ ಹೋಗ್ತಾನೆ. ಈ ವಯಸ್ಸಿಗೆ ಎಂಥ ಸೊಂಟ ನೋವು, ಓದೋದು ತಪ್ಪಿಸ್ಕೊಳ್ಳೋಕೆ ನೆಪ ಅಂತಾರೆ ಮನೆಯವರು. ನೀವೆಲ್ಲ ಏನು ಮಾಡಿದ್ರಿ?

ಹಾಸನ ತಾಲ್ಲೂಕಿನ ಒಬ್ಬ ಪಿ.ಟಿ. ಮೇಷ್ಟ್ರು

ಮೇಡಂ, ಮೊದಲು ಹುಡುಗನ ಮಾತು ನಂಬಿ. ನಾನೂ ಹದಿನೇಳನೇ ವಯಸ್ಸಲ್ಲಿ ಇದನ್ನೇ ಹೇಳ್ತಿದ್ದೆ. ನಮ್ಮ ಮನೇಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಎಂಟು ತಿಂಗಳು ಎಣ್ಣೆ ತಿಕ್ಕಿಸ್ಕೊಂಡು, ಬೆಲ್ಟ್ ಕಟ್ಕೊಂಡು ಬೌಲಿಂಗ್ ಹಾಕಿದೆ. ಕೊನೆಗೆ ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು, ಸೊಂಟದ ಕಟ್ಟಕಡೆಯ ಮೂಳೆಯ ಹಿಂಭಾಗದಲ್ಲಿ ಬಿರುಕು.

ನಿಮ್ಮ ಮಗನಿಗೂ ಅದೇ ಆಗಿದೆ ಅಂತ ನಾನು ಹೇಳೋಕಾಗಲ್ಲ, ಅದನ್ನ ವೈದ್ಯರೇ ಹೇಳಬೇಕು. ಆದ್ರೆ ಬಲಗೈ ಬೌಲರ್, ನೋವು ಎಡಗಡೆ, ಬೌಲಿಂಗ್ ಹಾಕಿದ ದಿನ ಜಾಸ್ತಿ. ಈ ಮೂರೂ ಒಟ್ಟಿಗೆ ಬಂದಾಗ ನನಗೆ ಭಯ ಆಗುತ್ತೆ. ಬಾಲ್ ಬಿಡೋ ಹೊತ್ತಿಗೆ ಮೈ ಹಿಂದಕ್ಕೆ ಬಾಗಿ, ತಿರುಗಿ, ಪಕ್ಕಕ್ಕೆ ವಾಲುತ್ತೆ. ಮುಂದಿನ ಕಾಲು ನೆಲಕ್ಕೆ ಬಡಿದ ಏಟೂ ಅದೇ ಕ್ಷಣಕ್ಕೆ ಸೊಂಟಕ್ಕೆ ಬರುತ್ತೆ. ಬೌಲಿಂಗ್ ಹಾಕೋ ಕೈಯ ಎದುರು ಪಕ್ಕದಲ್ಲೇ ಸಾಮಾನ್ಯವಾಗಿ ಬಿರುಕು ಬಿಡೋದು. ತಂತಿಯನ್ನ ಒಂದೇ ಜಾಗದಲ್ಲಿ ಮಣಿಸ್ತಾ ಮಣಿಸ್ತಾ ತುಂಡು ಮಾಡ್ತೀವಲ್ಲ, ಹಾಗೆ. ಬೆಳೆಯೋ ವಯಸ್ಸಲ್ಲಿ ಆ ಜಾಗ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ.

ಎಕ್ಸ್‌ರೇಲಿ ಏನೂ ಕಾಣಲಿಲ್ಲ ಅಂತ ಸಮಾಧಾನ ಪಟ್ಕೋಬೇಡಿ. ಶುರುವಿನ ಬಿರುಕು ಎಕ್ಸ್‌ರೇಗೆ ಸಿಗದೇ ಇರೋದೇ ಜಾಸ್ತಿ. ಬಿರುಕು ಬಿಡೋಕೆ ಮುಂಚೆ ಮೂಳೆಯೊಳಗೆ ಬಾವು ಬಂದಿರುತ್ತೆ, ಅದು ಎಂಆರ್‌ಐನಲ್ಲಿ ಕಾಣುತ್ತೆ. ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಅನ್ನೋದು ಡಾಕ್ಟರಿಗೆ ಬಿಟ್ಟಿದ್ದು, ಅದರಲ್ಲಿ ವಿಕಿರಣ ಇರೋದ್ರಿಂದ ಮಕ್ಕಳಿಗೆ ಯೋಚನೆ ಮಾಡಿಯೇ ಬರೀತಾರೆ. ನಮ್ಮ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮೂಳೆ ವಿಭಾಗಕ್ಕೆ ಹೋಗಿ, "ಹುಡುಗ ಫಾಸ್ಟ್ ಬೌಲರ್, ಎರಡು ತಿಂಗಳಿಂದ ನೋವು, ಹಿಂದಕ್ಕೆ ಬಾಗಿದ್ರೆ ಜಾಸ್ತಿ ಆಗುತ್ತಾ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಸೊಂಟ ನೋವು ಅಂದ್ರೆ ಮಾತ್ರೆ ಬರೆದು ಕಳಿಸಿಬಿಡಬಹುದು. ನನಗೆ ಆಗಿದ್ದು ಅದೇ.

ಉಳುಕು ತೆಗೆಸೋದು ಇವತ್ತಿಂದಲೇ ನಿಲ್ಲಿಸಿ. ದಯವಿಟ್ಟು. ಬಿರುಕು ಇದ್ಯೋ ಇಲ್ವೋ ಗೊತ್ತಿಲ್ಲದ ಸೊಂಟವನ್ನ ಯಾರೂ ತಿರುಚಬಾರದು. ಸೊಂಟ ನೋವು ಅಂದ ಕೂಡಲೇ ಭುಜಂಗಾಸನ ಮಾಡು, ಧನುರಾಸನ ಮಾಡು ಅನ್ನೋರು ನಮ್ಮಲ್ಲಿ ಬೇಕಾದಷ್ಟು ಜನ. ಬೇರೆ ತರದ ನೋವಿಗೆ ಅವು ಒಳ್ಳೇದಿರಬಹುದು. ಇಲ್ಲಿ ಮೈ ಹಿಂದಕ್ಕೆ ಬಾಗಿಸಿದಷ್ಟೂ ಪೆಟ್ಟು. ಸ್ಕೂಲಲ್ಲಿ ಸೂರ್ಯನಮಸ್ಕಾರ ಇದ್ರೆ ಪಿ.ಟಿ. ಮೇಷ್ಟ್ರಿಗೆ ಒಂದು ಚೀಟಿ ಬರೆದು ಕಳಿಸಿ, ಬಿಡಿಸ್ತಾರೆ.

ಇನ್ನೊಂದು, ಹುಡುಗ ವಾರಕ್ಕೆ ಎಷ್ಟು ಬಾಲ್ ಹಾಕ್ತಾನೆ ಅಂತ ಯಾರಾದ್ರೂ ಲೆಕ್ಕ ಇಟ್ಟಿದ್ದೀರಾ? ಕ್ಯಾಂಪಿನ ಕೋಚ್ ತಮ್ಮ ನೆಟ್ಸ್ ಮಾತ್ರ ನೋಡ್ತಾರೆ. ಶಾಲೆಯವರಿಗೆ ಅವರ ಟೀಮ್ ಮಾತ್ರ ಗೊತ್ತು. ಭಾನುವಾರ ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ನಡೆಯೋ ಟೆನಿಸ್ ಬಾಲ್ ಕಪ್ಪನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಒಂದೇ ದಿನ ಮೂರು ನಾಲ್ಕು ಮ್ಯಾಚ್ ಇರುತ್ತೆ ಅಲ್ಲಿ, ಅದೂ ಗಟ್ಟಿ ನೆಲದ ಮೇಲೆ. ಟೆನಿಸ್ ಬಾಲ್ ಹಗುರ ನಿಜ, ಆದ್ರೆ ಸೊಂಟ ತಿರುಗೋದು ಅಷ್ಟೇ ತಿರುಗುತ್ತೆ. ಶ್ರೀನಾಥ್ ಹೆಸರಿನ ಹಿಂದಿರೋ ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನದು ಅನ್ನೋ ಹೆಮ್ಮೆ ನನಗೂ ಇದೆ. ಆದ್ರೆ ಉದ್ದಕ್ಕಿರೋ ಹುಡುಗ ಸಿಕ್ಕಿದ್ರೆ ಸಾಕು, ಎಲ್ಲ ಟೀಮಿನವರೂ ಎಳೆದಾಡಿ ಅವನ ಕೈಲೇ ಓವರ್ ಹಾಕಿಸ್ತೀವಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂತೆ ಒಂದು ಸ್ಪೆಲ್‌ಗೆ ಇಷ್ಟು, ದಿನಕ್ಕೆ ಇಷ್ಟು ಓವರ್ ಅಂತ ಮಿತಿ ಇಟ್ಟಿದೆ. ನಮ್ಮೂರ ಕಪ್‌ಗಳಲ್ಲಿ ಅಂಥದ್ದನ್ನ ಕೇಳೋರೇ ಇಲ್ಲ.

ಬಿರುಕು ಅಂತಾದ್ರೂ ಎದೆಗುಂದಬೇಡಿ. ಬೇಗ ಗೊತ್ತಾದ್ರೆ ಬಹಳಷ್ಟು ಮಕ್ಕಳಿಗೆ ಆಪರೇಷನ್ ಇಲ್ಲದೇ ವಾಸಿ ಆಗುತ್ತೆ. ಸುಮಾರು ಮೂರು ತಿಂಗಳು ಬೌಲಿಂಗ್, ಓಟ, ಜಿಗಿತ ಬಂದ್. ಹಾಗಂತ ಮಲಗಿಸಿಬಿಡೋದಲ್ಲ, ನಡೀಬಹುದು. ಫಿಸಿಯೋ ಹೇಳಿದ ಮೇಲೆ ಹೊಟ್ಟೆ, ಸೊಂಟ, ಪೃಷ್ಠದ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ: ಅಂಬೆಗಾಲಲ್ಲಿ ನಿಂತು ಎದುರುಬದುರು ಕೈಕಾಲು ಚಾಚೋದು, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯೋದು. ನೋಡೋಕೆ ಏನೂ ಇಲ್ಲ ಅನ್ಸುತ್ತೆ, ಹುಡುಗರಿಗೆ ಬೇಜಾರು ಬಂದುಬಿಡುತ್ತೆ. ನಾನು ಇಲ್ಲೇ ಎಡವಿದ್ದು. ಆರನೇ ವಾರಕ್ಕೆ ನೋವು ಹೋಯ್ತು, ವಾಸಿಯಾಯ್ತು ಅಂದ್ಕೊಂಡು ಪೂರ್ತಿ ರನ್‌ಅಪ್‌ನಲ್ಲಿ ಓಡಿ ಬಂದು ಬಾಲ್ ಹಾಕಿದೆ. ನೋವು ಹೋದಾಗ ಮೂಳೆ ಇನ್ನೂ ಕೂಡಿರಲಿಲ್ಲ. ನಂದು ಕೊನೆಗೂ ಕೂಡಲೇ ಇಲ್ಲ. ಈಗ ನೋವೇನಿಲ್ಲ, ಮಕ್ಕಳ ಜೊತೆ ಆಡ್ತೀನಿ, ಆದ್ರೆ ಫಾಸ್ಟ್ ಬೌಲಿಂಗ್ ಆವತ್ತಿಗೇ ಮುಗೀತು. ಬುಮ್ರಾ ಅಂಥವರಿಗೇ 2019ರಲ್ಲಿ ಬೆನ್ನಿಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಯ್ತು. ಮತ್ತೆ ಬೆನ್ನು ಕೈಕೊಟ್ಟು 2022ರ ಟಿ20 ವಿಶ್ವಕಪ್ ತಪ್ಪಿತು, 2023ರ ಮಾರ್ಚ್‌ನಲ್ಲಿ ಆಪರೇಷನ್ ಆಗಿ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ವಾಪಸ್ ಬಂದರು. ಇದನ್ನ ನಿಮ್ಮ ಮಗನಿಗೆ ಹೇಳಿ, ನಮ್ಮ ಮಾತಿಗಿಂತ ಅದು ನಾಟುತ್ತೆ.

ಕಾಲು ಜೋಮು ಹಿಡಿದ್ರೆ, ಕಾಲಲ್ಲಿ ಶಕ್ತಿ ಕಡಿಮೆ ಆದ್ರೆ, ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ ಅದೇ ದಿನ ಆಸ್ಪತ್ರೆಗೆ ಓಡಿ. ಸಂಜೆ ಹೊತ್ತು ಜ್ವರ, ತೂಕ ಇಳಿಯೋದು, ರಾತ್ರಿ ಮಲಗಿದ್ರೂ ಬಿಡದ ನೋವು ಇದ್ರೂ ಸುಮ್ನಿರಬೇಡಿ. ಬೆನ್ನುಮೂಳೆಗೆ ಟಿ.ಬಿ. ಬರೋದು ನಮ್ಮ ದೇಶದಲ್ಲಿ ಇವತ್ತಿಗೂ ಇದೆ.

ಮೂಡಿಗೆರೆ ಕಡೆಯ ಹೈಜಂಪ್ ಹುಡುಗಿ

ಅಕ್ಕ, ನಂಗೂ ಹದಿನಾರಕ್ಕೆ ಹಿಂಗೇ ಆಗಿತ್ತು. ಬಾರ್ ಮೇಲೆ ಬೆನ್ನು ಬಿಲ್ಲಿನ ತರ ಬಾಗಬೇಕಲ್ಲ, ಅಲ್ಲೇ ಚುಚ್ಚೋದು. ಚಿಕ್ಕಮಗಳೂರಲ್ಲಿ ಪ್ರಾಕ್ಟೀಸ್. ಬೆಳಿಗ್ಗೆ ಕತ್ತಲಿದ್ದಾಗಲೇ ಬಸ್ಸು ಹತ್ತಬೇಕು, ಹಂಗಾಗಿ ಅಮ್ಮ ಮಾಡಿಟ್ಟ ಕಡುಬು ಬಿಟ್ಟು ಬರೀ ಕಾಫಿ ಕುಡಿದು ಓಡ್ತಿದ್ದೆ. ತೆಳ್ಳಗಾದಷ್ಟೂ ಎತ್ತರ ಹಾರ್ತೀಯ ಅಂತ ಎಲ್ರೂ ಹೊಗಳೋರು.

ಫಿಸಿಯೋ ಮೇಡಂ ಮೊದಲು ಕೇಳಿದ್ದೇ ಮುಟ್ಟು ಸರಿಯಾಗಿ ಆಗುತ್ತಾ ಅಂತ. ಐದು ತಿಂಗಳಿಂದ ಆಗಿರಲಿಲ್ಲ. ಪ್ರಾಕ್ಟೀಸಿಗೆ ಅನುಕೂಲ ಆಯ್ತು ಅಂತ ನಾನು ಯಾರಿಗೂ ಹೇಳಿರಲಿಲ್ಲ. ಆಡೋ ಆಟಕ್ಕೆ ತಕ್ಕಷ್ಟು ಊಟ ಇಲ್ಲದಿದ್ರೆ ಮುಟ್ಟು ನಿಲ್ಲುತ್ತೆ, ಜೊತೆಗೆ ಮೂಳೆನೂ ಸೊರಗುತ್ತೆ ಅಂತ ಅವರು ಬಿಡಿಸಿ ಹೇಳಿದಾಗ ಅತ್ತುಬಿಟ್ಟೆ. ಹೆಣ್ಣುಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಇದನ್ನ ಓದ್ತಿದ್ರೆ ಈ ಪ್ರಶ್ನೆ ನೀವೇ ಕೇಳಿ, ಅವರಾಗೇ ಹೇಳಲ್ಲ. ಗಂಡುಮಕ್ಕಳಿಗೂ ಊಟ ಸಾಲದಿದ್ರೆ ಮೂಳೆಗೆ ತೊಂದರೆನೇ ಅಂತೆ, ಗೊತ್ತಾಗೋ ಗುರುತು ಮಾತ್ರ ಇರಲ್ಲ. ನಂಗೆ ವಿಟಮಿನ್ ಡಿ ಕೂಡ ಕಡಿಮೆ ಇತ್ತು, ಮಾತ್ರೆ ಕೊಟ್ರು. ಈಗ ಬುತ್ತಿ ಇಲ್ಲದೆ ಮನೆ ಬಿಡಲ್ಲ. ರಾಗಿರೊಟ್ಟಿ, ಮೊಟ್ಟೆ, ಮೊಸರು. 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮನೇಲೇ ಇರೋದನ್ನ ಬಿಟ್ಟು ಡಬ್ಬದ ಪೌಡರ್ ಹಿಂದೆ ಹೋಗಿದ್ದೆ. ವಾಪಸ್ ಹಾರೋಕೆ ಆರು ತಿಂಗಳು ಹಿಡೀತು.

ಚಿಕ್ಕಮಗಳೂರಿನ ಒಬ್ಬ ತಂದೆ

ನಮ್ಮ ಮಗನದು ಬೇರೆ ಕಥೆ. ಕಬಡ್ಡಿ ಆಡ್ತಿದ್ದ, 19 ವರ್ಷ. ಬೆಳಿಗ್ಗೆ ಎದ್ದಾಗ ಮುಕ್ಕಾಲು ಗಂಟೆ ಸೊಂಟ ಮರಗಟ್ಟಿದಂಗೆ ಇರೋದು, ಮೈದಾನಕ್ಕಿಳಿದು ಬೆವರು ಬಂದ ಮೇಲೆ ಸರಿಹೋಗೋದು. ಡಿಸ್ಕ್ ಇರಬೇಕು ಅಂತ ಒಂದೂವರೆ ವರ್ಷ ಕಳೆದ್ವಿ. ನಡುವೆ ಒಂದು ಸಲ ಕಣ್ಣು ಕೆಂಪಾಗಿ ನೋವು ಬಂತು, ಕಣ್ಣಿನ ಡಾಕ್ಟರೇ ಸಂಶಯಪಟ್ಟು ಸಂಧಿವಾತದ ತಜ್ಞರ ಹತ್ರ ಕಳಿಸಿದ್ದು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆ, ಸೊಂಟದ ಕೀಲುಗಳಿಗೆ ಬಾವು ಬರೋ ಒಂಥರ ಸಂಧಿವಾತ. ಇದರಲ್ಲಿ ವಿಶ್ರಾಂತಿ ತಗೊಂಡ್ರೆ ಹೆಚ್ಚಾಗುತ್ತೆ, ಮೈ ಆಡಿಸಿದ್ರೆ ಕಡಿಮೆ. ಮೇಷ್ಟ್ರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಅದಕ್ಕೇ ಯಾವಾಗ ಜಾಸ್ತಿ, ಯಾವಾಗ ಕಡಿಮೆ ಅಂತ ಎರಡು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಕೇಳಿದ ತಾಯಿ

ಎಲ್ಲರಿಗೂ ಕೈ ಮುಗೀತೀನಿ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಬೆಳಿಗ್ಗೆ ಎದ್ದು ಸೋಮವಾರ ರಜೆ ಹಾಕ್ತೀನಿ, ಹಿಮ್ಸ್‌ಗೆ ಹೋಗೋಣ ಅಂದ್ರು. ಮೇಷ್ಟ್ರೇ, ಭಾನುವಾರ ಅರಸೀಕೆರೇಲಿ ಫೈನಲ್ ಇದೆ. ಇದೊಂದು ಆಡಿ ಬಿಡ್ತೀನಿ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಕೂತಿದ್ದಾನೆ. ನಾಲ್ಕು ಓವರ್ ಅಷ್ಟೇ ಅಂತಾನೆ.

ಪಿ.ಟಿ. ಮೇಷ್ಟ್ರು

ಒಂದು ಬಾಲೂ ಬೇಡ ಮೇಡಂ. ಫೀಲ್ಡಿಂಗೂ ಬೇಡ. ಆದ್ರೆ ಮನೇಲಿ ಕೂರಿಸಬೇಡಿ, ಟೀಮಿನ ಜೊತೆ ಬಸ್ಸಲ್ಲಿ ಕಳಿಸಿ, ಸ್ಕೋರ್ ಪುಸ್ತಕ ಅವನ ಕೈಗೆ ಕೊಡೋಕೆ ಅವರ ಕೋಚಿಗೆ ಹೇಳಿ. ಬೇಕಾದ್ರೆ ಅವನಿಗೆ ನನ್ನ ಹತ್ರ ಮಾತಾಡಿಸಿ, ಸಂಜೆ ಐದರ ಮೇಲೆ ಬಿಡುವಾಗಿರ್ತೀನಿ.