ಒತ್ತೆಕೋಲದ ರಾ ಫೋಟೋ: ಮುಖದ ಕೆಂಪು ಒಂದೇ ಮುದ್ದೆಯಾಗ್ತದೆ, ಬೆಂಕಿಯ ಬಿಸಿ ಉಳಿಸಿಕೊಂಡೇ ಸರಿಮಾಡುವುದು ಹೇಗೆ?

ಪಯಸ್ವಿನಿ_ಬದಿ

ಒತ್ತೆಕೋಲದ (ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವ ಕೋಲ) ಸುಮಾರು 200 ರಾ ಫೈಲುಗಳುಂಟು, ಅಂದರೆ ಸೆನ್ಸರಿನಲ್ಲಿ ಬಿದ್ದದ್ದನ್ನು ಹಾಗೇ ಇಟ್ಟ ಫೈಲುಗಳು. ಬೆಳಗಿನ ಜಾವದವು. ಬೆಳಕು ಎಂದರೆ ಸೂಟೆ (ಒಣ ಗರಿಯ ಪಂಜು) ಮತ್ತು ಕೆಂಡದ ರಾಶಿ, ಬೇರೆ ಏನೂ ಇಲ್ಲ. ಫುಲ್ ಫ್ರೇಮ್ ಕ್ಯಾಮೆರಾ, 14 ಬಿಟ್, ಐಎಸ್‌ಒ 6400, ಎಫ್ 2.8, 1/250 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಅಳತೆ) ಆಟೋ. ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ತೆರೆದರೆ ಟೆಂಪರೇಚರ್ 3150 ಅಂತ ತೋರಿಸ್ತದೆ.

ವಿಷ್ಣುಮೂರ್ತಿಯ ಮುಖ ಇಡೀ ಒಂದೇ ಕೆಂಪು. ಕೆನ್ನೆಯ ಮೇಲಿನ ಬರವಣಿಗೆ (ಬಣ್ಣದ ಗೆರೆಗಳ ಚಿತ್ತಾರ) ಕಾಣುವುದೇ ಇಲ್ಲ. ಸ್ಯಾಚುರೇಶನ್ ಇಳಿಸಿದರೆ ಮುಖ ಇಟ್ಟಿಗೆ ಹುಡಿಯ ಹಾಗೆ ಆಗ್ತದೆ. ಹೈಲೈಟ್ಸ್ -100 ಮಾಡಿದರೆ ಬೆಂಕಿ ಬೂದಿ ಬಣ್ಣಕ್ಕೆ ತಿರುಗ್ತದೆ. ಟೆಂಪರೇಚರ್ 2000ಕ್ಕೆ ತಂದರೆ ಬೆಂಕಿಯ ಬಿಸಿಯೇ ಇಲ್ಲ, ಟ್ಯೂಬ್‌ಲೈಟ್ ಕೆಳಗೆ ತೆಗೆದ ಹಾಗೆ ಉಂಟು.

ನನಗೆ ಬೇಕಾದ್ದು ಇಷ್ಟು: ಬೆಂಕಿಯ ಕೆಂಪು ಬೆಳಕು ಹಾಗೇ ಇರಬೇಕು, ಮುಖದ ಬರವಣಿಗೆ ಬಿಡಿಸಿ ಕಾಣಬೇಕು, ಸೊಂಟದ ತೆಂಗಿನ ಎಳೆ ಗರಿಯ ಬಣ್ಣ ನಿಜವಾಗಿ ಕಾಣಬೇಕು. ಸಮಿತಿಯವರಿಗೆ 12×18 ಇಂಚಿನ ಪ್ರಿಂಟ್ ಕೊಡಲಿಕ್ಕುಂಟು. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೇಕಲ_ಮುರಕಲ್ಲು

ಮೊದಲು ಒಂದು ಪರೀಕ್ಷೆ. ಲೈಟ್‌ರೂಮಿನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನೋಡಿ ಕೆಂಪು ಸುಟ್ಟುಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಅದು ತೋರಿಸುವುದು ಪ್ರೊಫೈಲ್ (ತಂತ್ರಾಂಶ ಬಣ್ಣ ತೋರಿಸುವ ಕ್ರಮ), ವೈಟ್ ಬ್ಯಾಲೆನ್ಸ್ ಎಲ್ಲ ಸೇರಿದ ಮೇಲಿನ ಲೆಕ್ಕವನ್ನು, ಸೆನ್ಸರಿನಲ್ಲಿ ಬಿದ್ದದ್ದನ್ನಲ್ಲ. ಕ್ಯಾಮೆರಾದ ಹಿಂದಿನ ಪರದೆಯದ್ದೂ ಹಾಗೆಯೇ, ಒಳಗಿನ ಜೆಪೆಗ್‌ನಿಂದ ಬಂದದ್ದು. ರಾಥೆರಪಿಯಲ್ಲಿ ರಾ ಹಿಸ್ಟೋಗ್ರಾಮ್ ಉಂಟು, ಡಾರ್ಕ್‌ಟೇಬಲ್‌ನಲ್ಲಿ ರಾ ಮಿತಿ ಮೀರಿದ ಜಾಗವನ್ನು ಗುರುತು ಹಾಕಿ ತೋರಿಸುವ ಗುಂಡಿ ಉಂಟು. ಎರಡೂ ಉಚಿತ. ಒಂದರಲ್ಲಿ ಫೈಲ್ ತೆರೆದು ನೋಡಿ. ಬೆಂಕಿಯ ನಡುಭಾಗ ಮಾತ್ರ ಮಿತಿ ಮೀರಿ, ಮುಖ ಒಳಗೇ ಇದ್ದರೆ ಫೋಟೋ ಬಚಾವ್. ಇಂಥ ಫೈಲುಗಳಲ್ಲಿ ಬಹುಪಾಲು ಹಾಗೇ ಇರ್ತದೆ.

ಮತ್ತೆ ಮುದ್ದೆ ಆಗುವುದು ಯಾಕೆ? ಬೆಂಕಿಯ ಬೆಳಕು ಸುಮಾರು 1800ರಿಂದ 2000 ಕೆಲ್ವಿನ್. ಆಟೋ ಅದನ್ನು 3150 ಅಂತ ಓದಿದೆ. ಹಾಗಾಗಿ ಮೊದಲೇ ತುಂಬಿದ ಕೆಂಪು ಚಾನೆಲ್ ಇನ್ನೂ ಮೇಲೆ ಹೋಗ್ತದೆ. ಅದರ ಮೇಲೆ ಅಡೋಬಿ ಕಲರ್ ಪ್ರೊಫೈಲ್ ತನ್ನ ಕಾಂಟ್ರಾಸ್ಟ್ ಸೇರಿಸ್ತದೆ. ಕೆಂಪು 255ಕ್ಕೆ, ಅಂದರೆ ಮೇಲಿನ ಮಿತಿಗೆ, ಅಂಟಿಕೊಂಡ ಮೇಲೆ ಕೆನ್ನೆಯ ಬರವಣಿಗೆ ಉಳಿಯುವುದು ಹಸಿರು ಚಾನೆಲಿನಲ್ಲಿ ಮಾತ್ರ, ಅದೂ ಬಹಳ ಕೆಳಗೆ. ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ವ್ಯಾಪ್ತಿ) ಪರದೆಯಲ್ಲಿ ಅಪ್ಪಟ ಕೆಂಪಿನ ಹೊಳಪು ಬಿಳಿಯ ಹೊಳಪಿನ ಸುಮಾರು 21 ಶೇಕಡಾ ಮಾತ್ರ. ಹಸಿರಿನದ್ದು ಸುಮಾರು 72. ಅಂದರೆ ಮುಖ ಕಡು ಕೆಂಪೂ ಆಗಿರಬೇಕು, ಬೆಳಕಾಗಿಯೂ ಇರಬೇಕು ಅಂದರೆ ಪರದೆಯಲ್ಲಿ ಅಂಥ ಬಣ್ಣವೇ ಇಲ್ಲ. ಒಂದನ್ನು ಬಿಡಬೇಕು. ದೈವದ ಮುಖದಲ್ಲಿ ಬಿಡಬೇಕಾದ್ದು ಬೆಳಕನ್ನು, ಕೆಂಪನ್ನಲ್ಲ. ನೀವು ಸ್ಯಾಚುರೇಶನ್ ಇಳಿಸಿ ಕೆಂಪನ್ನು ಬಿಟ್ಟಿರಿ, ಅದಕ್ಕೇ ಇಟ್ಟಿಗೆ ಹುಡಿ ಬಂತು.

ಈಗ ಕ್ರಮ. ಪ್ರೊಫೈಲನ್ನು ಅಡೋಬಿ ನ್ಯೂಟ್ರಲ್‌ಗೆ ಬದಲಿಸಿ. ಇದನ್ನೇ ಮೊದಲು ಮಾಡಬೇಕು, ಕೊನೆಗೆ ಮಾಡಿದರೆ ಉಳಿದ ಎಲ್ಲ ಸ್ಲೈಡರುಗಳನ್ನೂ ಮತ್ತೆ ತಿದ್ದಬೇಕಾಗ್ತದೆ. ಟೆಂಪರೇಚರ್ 2400ರಿಂದ 2600ರ ಒಳಗೆ ನಿಲ್ಲಿಸಿ, ಪೂರ್ತಿ ತಟಸ್ಥ ಮಾಡಲಿಕ್ಕೆ ಹೋಗಬೇಡಿ. ಎಕ್ಸ್‌ಪೋಶರ್ -0.7. ಹೈಲೈಟ್ಸ್ -40ಕ್ಕಿಂತ ಕೆಳಗೆ ಬೇಡ, ಯಾಕೆಂದರೆ ಬೆಂಕಿಯ ನಡುಭಾಗದಲ್ಲಿ ವಿವರವೇ ಇಲ್ಲ, ಎಳೆದರೆ ಬೂದಿ ಬಣ್ಣವೇ ಬರುವುದು. ಅದು ಹಳದಿ ಬಿಳಿಯಾಗಿಯೇ ಉರಿಯಲಿ, ಅಂಚಿನಲ್ಲಿ ಕಿತ್ತಳೆಗೆ ನಿಧಾನ ಇಳಿದರೆ ಸಾಕು.

ಆಮೇಲೆ ಕಲರ್ ಮಿಕ್ಸರ್. ಕೆಂಪಿನ ಲೂಮಿನನ್ಸ್ -10, ಸ್ಯಾಚುರೇಶನ್ -8, ಹ್ಯೂ -4. ಕಿತ್ತಳೆಯ ಹ್ಯೂ +6. ಹೀಗೆ ಮಾಡುವುದರಿಂದ ಬಳಿದ ಕೆಂಪು ಬೇರೆ, ಅದರ ಮೇಲೆ ಬಿದ್ದ ಬೆಂಕಿಯ ಬೆಳಕು ಬೇರೆ ಅಂತ ಬಿಡಿಸಿ ಕಾಣ್ತದೆ. ಕೆನ್ನೆಯ ಗೆರೆ ಎದ್ದು ಬರುವುದು ಈ ಹಂತದಲ್ಲಿ. ಇಷ್ಟಾಗಿಯೂ ಅಂಟಿಕೊಂಡಿದ್ದರೆ ಟೋನ್ ಕರ್ವಿನಲ್ಲಿ ಕೆಂಪು ಚಾನೆಲ್ ತೆಗೆದು, ಬಲ ತುದಿಯ ಬಿಂದುವನ್ನು 255ರಿಂದ 240ಕ್ಕೆ ಇಳಿಸಿ.

ಮುಖಕ್ಕೆ ಬ್ರಶ್ ಮಾಸ್ಕ್ (ಆ ಜಾಗವನ್ನು ಮಾತ್ರ ತಿದ್ದುವ ಗುರುತು) ಹಾಕಿ ಟೆಕ್ಸ್ಚರ್ +15. ಕ್ಲಾರಿಟಿ ಬೇಡ, ಬೆವರಿನ ಹೊಳಪಿನ ಸುತ್ತ ಕಪ್ಪು ಅಂಚು ಕಟ್ಟಿ ಮುಖ ಕೊಳೆಯಾದ ಹಾಗೆ ಕಾಣ್ತದೆ. ಗರಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದು: ಹಳದಿಯನ್ನು ಹಸಿರಿಗೆ ಎಳೆಯುವುದು. ಎಳೆ ಗರಿ ಹಸಿರಲ್ಲ. ಸುಳಿ ಬಿಚ್ಚಿದ ಕೂಡಲೇ ಅದು ಕೆನೆ ಹಳದಿ, ತುದಿಯಲ್ಲಿ ಮಾತ್ರ ಸ್ವಲ್ಪ ಹಸಿರು ಛಾಯೆ. ಗರಿಗೆ ಬೇರೆ ಮಾಸ್ಕ್ ಮಾಡಿ ಟೆಂಪ್ -8, ಸ್ಯಾಚುರೇಶನ್ -15 ಕೊಡಿ. ಬೆಂಕಿಯ ಕಡೆಯ ಗರಿ ಬಂಗಾರದ ಬಣ್ಣ, ಆಚೆ ಕಡೆಯದ್ದು ಕೆನೆ ಬಣ್ಣ ಬಂದರೆ ಸರಿಯಾಯಿತು ಅಂತ ಲೆಕ್ಕ.

ಮದುವೆ ಫೋಟೋಗೆ ಮಾಡಿದ ಪ್ರಿಸೆಟ್ (ಮೊದಲೇ ಉಳಿಸಿಟ್ಟ ತಿದ್ದುಪಡಿ) ಯಾವುದನ್ನೂ ಇದಕ್ಕೆ ಹಾಕಬೇಡಿ. ಅವು ನೆರಳಿಗೆ ನೀಲಿ ಹಸಿರು ತುಂಬಿಸ್ತವೆ, ಹೊಗೆ ಕೊಳದ ನೀರಿನ ಬಣ್ಣ ಆಗ್ತದೆ.

ಕುಂಬಳೆ_ಚೌಕಿ

ಮೇಲಿನವರು ಹೇಳಿದ್ದಕ್ಕೆ ಡಾರ್ಕ್‌ಟೇಬಲ್ ದಾರಿಯನ್ನು ಸೇರಿಸ್ತೇನೆ. ಬೆಂಕಿಯ ಫೋಟೋಕ್ಕೆ ನನ್ನ ಮಟ್ಟಿಗೆ ಅದೇ ಮೇಲು.

ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಕ್ಯಾಮೆರಾ ರೆಫರೆನ್ಸ್‌ನಲ್ಲೇ ಬಿಟ್ಟು, ಬಣ್ಣದ ತಿದ್ದುಪಡಿ ಎಲ್ಲ ಕಲರ್ ಕ್ಯಾಲಿಬ್ರೇಶನ್‌ನಲ್ಲಿ ಮಾಡಬೇಕು. ಎರಡರಲ್ಲೂ ಮಾಡಿದರೆ ಒಂದೇ ಕೆಲಸ ಎರಡು ಸಲ ಆಗಿ ಬಣ್ಣ ಹಾಳು. ಎಕ್ಸ್‌ಪೋಶರನ್ನು ಮುಖ ನೋಡಿಯೇ ಇಡಿ, ಬೆಂಕಿ ನೋಡಿ ಅಲ್ಲ. ನಂತರ ಬೆಳಕನ್ನು ಪರದೆಯ ಮಿತಿಗೆ ಇಳಿಸುವ ಮಾಡ್ಯೂಲುಗಳಾದ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್, ಎರಡರಲ್ಲಿ ಒಂದು ಮಾತ್ರ. ಸಿಗ್ಮಾಯ್ಡ್‌ನಲ್ಲಿ ಪರ್ ಚಾನೆಲ್ ಆರಿಸಿ, ಪ್ರಿಸರ್ವ್ ಹ್ಯೂ ಸ್ಲೈಡರನ್ನು 100ರಿಂದ 30ರ ಹತ್ತಿರಕ್ಕೆ ಇಳಿಸಿ. ಆಗ ಕೆಂಪು ಪ್ರಕಾಶ ಹೆಚ್ಚಾದಂತೆ ಕಿತ್ತಳೆಗೆ, ಕಿತ್ತಳೆ ಹಳದಿಗೆ ಜಾರ್ತದೆ. ಕಣ್ಣಿಗೆ ಬೆಂಕಿ ಕಾಣುವುದೂ ಹಾಗೆಯೇ. 100ರಲ್ಲೇ ಬಿಟ್ಟರೆ ಕೆಂಡದ ತುದಿ ಗುಲಾಬಿ ಆಗ್ತದೆ, ಅದನ್ನು ನೋಡಿದ ಕೂಡಲೇ ಸುಳ್ಳು ಅಂತ ಗೊತ್ತಾಗ್ತದೆ.

ಪಯಸ್ವಿನಿ_ಬದಿ

ತುಂಬಾ ಉಪಕಾರ. ರಾಥೆರಪಿಯಲ್ಲಿ ನೋಡಿದೆ, ಮುಖ ಮಿತಿಯ ಒಳಗೇ ಉಂಟು. ನ್ಯೂಟ್ರಲ್ ಪ್ರೊಫೈಲ್, 2500, ಎಕ್ಸ್‌ಪೋಶರ್ -0.6ಕ್ಕೆ ಕೆನ್ನೆಯ ಬರವಣಿಗೆ ಬಂತು! ಕರ್ವ್ ಮುಟ್ಟಬೇಕಾಗಲಿಲ್ಲ. ಈಗ ಎರಡು ತೊಂದರೆ: ಹೊಗೆಯ ನೆರಳಿನಲ್ಲಿ ನೀಲಿ ನೀಲಿ ಚುಕ್ಕೆ, ಮತ್ತೆ ಬೆಂಕಿಗೆ ಎದುರಾದ ಗರಿಯ ಅಂಚಿನಲ್ಲಿ ನೇರಳೆ ಗೆರೆ. ಇದೇ ಕ್ರಮ ಯಕ್ಷಗಾನ ಆಟದ ರಂಗಸ್ಥಳದ ಎಲ್‌ಇಡಿ ಬೆಳಕಿಗೂ ನಡೀತದಾ?

ಬೇಕಲ_ಮುರಕಲ್ಲು

ನೀಲಿ ಚುಕ್ಕೆಯ ಕಾರಣ: ಬೆಂಕಿಯಲ್ಲಿ ನೀಲಿ ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಟೆಂಪರೇಚರ್ ಇಳಿಸಿದಷ್ಟೂ ಆ ಬಡ ಚಾನೆಲನ್ನು ಗುಣಿಸಿ ಎತ್ತಬೇಕಾಗ್ತದೆ, ಜೊತೆಗೆ ನಾಯ್ಸೂ ಎದ್ದು ಬರ್ತದೆ. 2400ಕ್ಕಿಂತ ಕೆಳಗೆ ಬೇಡ ಅಂದದ್ದು ಅದಕ್ಕೂ ಸೇರಿ. ಕಲರ್ ನಾಯ್ಸ್ 25ರಿಂದ 45ಕ್ಕೆ ಏರಿಸಿ, ಶ್ಯಾಡೋಸ್ +20 ದಾಟಿಸಬೇಡಿ. ರಾತ್ರಿಯಲ್ಲಿ ಕಪ್ಪು ಕಪ್ಪಾಗಿಯೇ ಇರಬೇಕು. ಎಐ ಡಿನಾಯ್ಸ್ ಉಪಯೋಗಿಸುವುದಾದರೆ ಮಾಸ್ಕ್ ಮಾಡುವ ಮೊದಲೇ ಓಡಿಸಿ, ಪ್ರಮಾಣ 40ರ ಸುತ್ತ. ಮುಗಿದ ಮೇಲೆ 100 ಶೇಕಡಾ ದೊಡ್ಡದು ಮಾಡಿ ಎರಡು ಜಾಗ ನೋಡಿ: ಹಾರುವ ಸಣ್ಣ ಕಿಡಿಗಳು ಉಳಿದಿವೆಯಾ, ಗರಿಯ ನಾರು ಪ್ಲಾಸ್ಟಿಕ್ ಆಗಿದೆಯಾ. ಕಿಡಿ ಮಾಯವಾಗಿದ್ದರೆ 25ಕ್ಕೆ ಇಳಿಸಿ.

ನೇರಳೆ ಗೆರೆ ಲೆನ್ಸಿನದ್ದು. ಎಫ್ 2.8ರಲ್ಲಿ ಬೆಂಕಿಯ ಎದುರು ಬಂದೇ ಬರ್ತದೆ. ಡಿಫ್ರಿಂಜ್‌ನಲ್ಲಿ ಪರ್ಪಲ್ 4 ಸಾಕು.

ಮುಂದಿನ ಸಲ ಕ್ಯಾಮೆರಾದಲ್ಲೇ ವೈಟ್ ಬ್ಯಾಲೆನ್ಸ್ 2500ಕ್ಕೆ, ಪಿಕ್ಚರ್ ಸ್ಟೈಲ್ ನ್ಯೂಟ್ರಲ್‌ಗೆ ಕಟ್ಟಿಡಿ. ರಾ ಫೈಲಿಗೆ ಅದರಿಂದ ವ್ಯತ್ಯಾಸ ಇಲ್ಲ, ಆದರೆ ಪರದೆಯ ಹಿಸ್ಟೋಗ್ರಾಮ್ ನಿಜಕ್ಕೆ ಹತ್ತಿರ ಬರ್ತದೆ. ಬಿಳಿ ಗ್ರಾಫ್ ಬಿಟ್ಟು ಕೆಂಪಿನದ್ದನ್ನೇ ನೋಡಿ ಎಕ್ಸ್‌ಪೋಶರ್ ಇಡಿ.

ಕುಂಬಳೆ_ಚೌಕಿ

ರಂಗಸ್ಥಳದ ಎಲ್‌ಇಡಿ ಬೇರೆಯೇ ರೋಗ. ಬೆಂಕಿಯಲ್ಲಿ ಕೆಂಪು ಹೆಚ್ಚಿದ್ದರೂ ಹಸಿರು ಸ್ವಲ್ಪ ಉಂಟು. ನೀಲಿ ಎಲ್‌ಇಡಿ ಒಂದೇ ಬಿದ್ದರೆ ಉಳಿದ ಎರಡು ಚಾನೆಲಿನಲ್ಲಿ ಸರಕೇ ಇಲ್ಲ, ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಚರ್ಮದ ಬಣ್ಣ ಹುಟ್ಟುವುದಿಲ್ಲ. ಲೈಟ್‌ರೂಮಿನ ಕ್ಯಾಲಿಬ್ರೇಶನ್‌ನಲ್ಲಿ ಬ್ಲೂ ಪ್ರೈಮರಿಯ ಸ್ಯಾಚುರೇಶನ್ -30, ಹ್ಯೂ ಎಡಕ್ಕೆ -20 ಮಾಡಿದರೆ ನೇರಳೆ ಮುದ್ದೆ ಒಡೀತದೆ. ಡಾರ್ಕ್‌ಟೇಬಲ್‌ನಲ್ಲಾದರೆ ಕಲರ್ ಕ್ಯಾಲಿಬ್ರೇಶನ್‌ನ ಗ್ಯಾಮಟ್ ಕಂಪ್ರೆಶನ್ ಏರಿಸಿ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ (ಮುಖದ ಮೇಲಿನ ಬಿಳಿ ಮುಳ್ಳಿನ ಸಾಲು) ನೋಡಿ ಅಳೆಯಿರಿ: ಒಂದೊಂದು ಮುಳ್ಳಿಗೂ ಅದರ ನೆರಳು ಕಾಣಬೇಕು. ಚುಟ್ಟಿ ಚಪ್ಪಟೆ ಬಿಳಿಯಾದರೆ ಎಕ್ಸ್‌ಪೋಶರ್ ಹೆಚ್ಚಾಯಿತು.

ಫೋಟೋದಲ್ಲಿ ಅಡ್ಡ ಪಟ್ಟೆ ಬಂದರೆ ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಬಹಳ ಕಷ್ಟ. ತೆಗೆಯುವಾಗಲೇ ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಹಾಕಿ, ವೇಗ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಬೆಳಕು ಮಿನುಗುವುದು ಸೆಕೆಂಡಿಗೆ 100 ಸಲ. ಡಿಮ್ಮರ್ ಹಾಕಿದ ಎಲ್‌ಇಡಿಗೆ ಈ ಲೆಕ್ಕ ಯಾವಾಗಲೂ ಹೊಂದುವುದಿಲ್ಲ, ಒಂದೆರಡು ತೆಗೆದು ನೋಡಿಯೇ ಮುಂದುವರಿಯಬೇಕು.

ಅಡೂರು_ಕಾನ

ಪ್ರಿಂಟ್ ಬಗ್ಗೆ ಯಾರೂ ಹೇಳಲಿಲ್ಲ. 12×18 ಇಂಚಿಗೆ 300 ಪಿಪಿಐಯಲ್ಲಿ (ಇಂಚಿಗೆ 300 ಪಿಕ್ಸೆಲ್) 3600×5400 ಪಿಕ್ಸೆಲ್ ಬೇಕು. ಲ್ಯಾಬಿನವರು ಬೇರೆ ಪ್ರೊಫೈಲ್ ಕೇಳದಿದ್ದರೆ ಎಸ್‌ಆರ್‌ಜಿಬಿಯಲ್ಲೇ ಕಳಿಸಿ. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದ ಫೈಲನ್ನು ಅಲ್ಲಿ ಎಸ್‌ಆರ್‌ಜಿಬಿ ಅಂತ ಓದಿಬಿಟ್ಟರೆ ಇಷ್ಟು ಕಷ್ಟಪಟ್ಟ ಕೆಂಪು ಸಪ್ಪೆ ಆಗ್ತದೆ. ರಾತ್ರಿ ಫೋಟೋ ಕಾಗದದಲ್ಲಿ ಪರದೆಗಿಂತ ಕಪ್ಪಾಗಿ ಬರ್ತದೆ. ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಒಮ್ಮೆ ನೋಡಿ. ಒಂದೇ ಫೋಟೋವನ್ನು ಎಕ್ಸ್‌ಪೋಶರ್ ಈಗಿದ್ದ ಹಾಗೆ, +0.3, +0.5 ಹೀಗೆ ಮೂರು ಮಾಡಿ 4×6ರಲ್ಲಿ ಹಾಕಿಸಿ, ಹಗಲು ಬೆಳಕಿನಲ್ಲಿ ಹೋಲಿಸಿ, ಆಮೇಲೆ ದೊಡ್ಡದಕ್ಕೆ ಹೇಳಿ. ಮ್ಯಾಟ್ ಕಾಗದದಲ್ಲಿ ಕಪ್ಪು ಇನ್ನೂ ಬೂದಿ ಆಗ್ತದೆ, ಈ ಫೋಟೋಗಳಿಗೆ ಗ್ಲಾಸಿ ಅಥವಾ ಲಸ್ಟರ್ ಒಳ್ಳೆಯದು.

ಸಮಿತಿಯವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಅಂತ ಹಾಕದೆ ಡಾಕ್ಯುಮೆಂಟ್ ಅಂತ ಹಾಕಿ. ಇಲ್ಲದಿದ್ದರೆ ಕುಗ್ಗಿಸುವಾಗ ಮೊದಲು ಒಡೆಯುವುದು ಆ ಕೆಂಪೇ.